ಬುರುಡೆ ಇಲ್ಲದಿದ್ದರೂ ವೀಣೆಯೇ

ಎಲೆಕ್ಟ್ರಾನಿಕ್ ವೀಣೆಯನ್ನು ವೇದಿಕೆಯ ಮೇಲೆ ತಂದಿಟ್ಟರೆ ನಮ್ಮ ಉಡುಪಿ ಕಡೆಯ ಸಭೆಯಲ್ಲಿ ಮೊದಲು ಕೇಳಿಬರುವ ಮಾತು ನಾದದ ಬಗ್ಗೆ ಅಲ್ಲ, ರೂಪದ ಬಗ್ಗೆ. "ಇದೆಂಥ ವೀಣೆ ಮಾರಾಯ್ರೆ, ಗಿಟಾರಿನ ಹಾಗೆ ಉಂಟಲ್ಲ!" ಕಲಾವಿದರು ಇನ್ನೂ ತಂತಿ ಮುಟ್ಟಿರುವುದಿಲ್ಲ, ಅಷ್ಟರಲ್ಲಿ ತೀರ್ಪು ಬಂದಾಗಿರುತ್ತದೆ.

ಈ ಹೊಸ ವಿನ್ಯಾಸದಲ್ಲಿ ಬದಲಾದದ್ದು ಮುಖ್ಯವಾಗಿ ಮೂರು ಸಂಗತಿ. ಹಲಸಿನ ಮರದಲ್ಲಿ ಕೊರೆದ ದೊಡ್ಡ ಕೊಡ ಚಿಕ್ಕದಾಗಿದೆ ಇಲ್ಲವೇ ಮಾಯವಾಗಿದೆ. ದಂಡಿಯ ಮೇಲಿನ ಮೇಣ ಹೋಗಿ ಮೆಟ್ಟಿಲುಗಳು ಗಟ್ಟಿಯಾಗಿ ಕೂತಿವೆ. ತಂತಿಯ ಕಂಪನವನ್ನು ಹಿಡಿಯಲು ಪಿಕಪ್ ಬಂದಿದೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಇಂಥ ವೀಣೆಯನ್ನು ರೂಪಿಸಿದವರು. ವೃತ್ತಿಯಿಂದ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಇವರ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಗಳನ್ನು ನಾವು ಎರಡು ಮಾತಿಲ್ಲದೆ ಒಪ್ಪಿಕೊಂಡಿದ್ದೇವೆ. ಭಜನಾ ಮಂದಿರದಲ್ಲಿ, ಸಂಗೀತ ಪಾಠದಲ್ಲಿ, ಯಕ್ಷಗಾನದ ಭಾಗವತರ ಪಕ್ಕದಲ್ಲಿ ಅಂಥ ಪೆಟ್ಟಿಗೆ ಕೂತಿರುತ್ತದೆ. ಅದೇ ವಿದ್ಯೆ ವೀಣೆಗೆ ಬಂದಾಗ ಮಾತ್ರ ಮುಖ ಗಂಟಾಗುತ್ತದೆ. ಈ ಅಸಮಾಧಾನದ ಹಿಂದೆ ಪ್ರೀತಿ ಇದೆ ಎಂದು ನನಗೆ ಗೊತ್ತು. ಆದರೆ ಅದರ ಬುಡದಲ್ಲಿರುವ ನಂಬಿಕೆಗಳು ಹೆಚ್ಚಿನವು ಸರಿಯಲ್ಲ.

ನಂಬಿಕೆ: ವೀಣೆ ಅನಾದಿಯಿಂದ ಹೀಗೇ ಇತ್ತು, ಅದರ ರೂಪ ಮುಟ್ಟಬಾರದು

ನಮ್ಮ ಕಣ್ಣಿಗೆ ಕಟ್ಟಿರುವ ವೀಣೆ ಹೆಚ್ಚಾಗಿ ಕ್ಯಾಲೆಂಡರಿನ ಸರಸ್ವತಿಯ ಕೈಯಲ್ಲಿರುವುದು. ಆ ಚಿತ್ರಪರಂಪರೆಗೆ ದೊಡ್ಡ ಮೂಲ ರಾಜಾ ರವಿವರ್ಮ. ಅವರು ಸರಸ್ವತಿಯನ್ನು ಬರೆದದ್ದು 1896ರಲ್ಲಿ. ಅವರ ಮುದ್ರಣಾಲಯದ ಬಣ್ಣದ ಪಟಗಳು ಮನೆಮನೆಯ ಗೋಡೆ ಸೇರಿದ ಮೇಲೆ ದೇವಿಯ ವೀಣೆ ಎಂದರೆ ಇದೇ ಎಂಬುದು ಗಟ್ಟಿಯಾಯಿತು. ಹೊಯ್ಸಳರ ಶಿಲ್ಪಗಳಲ್ಲಿ ಕಾಣುವ ವೀಣೆಗಳು ಬೇರೆಯೇ: ಕೋಲಿಗೆ ಬುರುಡೆ ಕಟ್ಟಿದ ಮಾದರಿ. ಇನ್ನೂ ಹಿಂದಕ್ಕೆ ಹೋದರೆ ಬೌದ್ಧ ಶಿಲ್ಪಗಳಲ್ಲಿ ಬಿಲ್ಲಿನಂತೆ ಬಾಗಿದ, ಮೆಟ್ಟಿಲುಗಳೇ ಇಲ್ಲದ ವೀಣೆ ಸಿಗುತ್ತದೆ.

ಮೆಟ್ಟಿಲುಗಳ ಕತೆಯಂತೂ ಪೂರ್ತಿ ಪ್ರಯೋಗದ ಕತೆ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ 'ಸ್ವರಮೇಳಕಲಾನಿಧಿ'ಯಲ್ಲಿ ಬೇರೆ ಬೇರೆ ಮೇಳದ ವೀಣೆಗಳ ವಿವರ ಇದೆ. ಅದರಲ್ಲಿ ಒಂದಕ್ಕೆ ಅರಸ ಅಚ್ಯುತರಾಯನ ಹೆಸರೇ ಇದೆ. ಒಂದು ರಾಗಕ್ಕೆ ಹೊಂದುವಂತೆ ಮೆಟ್ಟಿಲು ಕೂರಿಸುವುದೋ, ಎಲ್ಲ ರಾಗಕ್ಕೂ ಆಗುವಂತೆ ಕೂರಿಸುವುದೋ ಎಂಬುದು ಆ ಕಾಲದ ದೊಡ್ಡ ಚರ್ಚೆ. ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ 24 ಮೆಟ್ಟಿಲು ಎಂಬ ಇಂದಿನ ವ್ಯವಸ್ಥೆ ನೆಲೆಯಾದದ್ದು 17ನೇ ಶತಮಾನದ ಮೊದಲ ಭಾಗದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎಂದು ಸಂಗೀತ ಚರಿತ್ರೆ ಹೇಳುತ್ತದೆ. ಅಂದರೆ ನಾವು ಸನಾತನ ಎಂದು ಕೈಮುಗಿಯುವ ವೀಣೆಗೆ ವಯಸ್ಸು ಸುಮಾರು 400 ವರ್ಷ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಆ ಮೂರ್ತಿಯ ಪ್ರತಿಷ್ಠೆಯ ಹೊತ್ತಿಗೆ ಇಂದಿನ 24 ಮೆಟ್ಟಿಲ ವೀಣೆ ಇರಲಿಲ್ಲ.

ರಾಜರ ಆಸ್ಥಾನದಲ್ಲಿ ಕೂತು ವೀಣೆಯನ್ನು ತಿದ್ದಿದವರನ್ನು ನಾವು ಲಾಕ್ಷಣಿಕರು ಎಂದು ಗೌರವಿಸುತ್ತೇವೆ. ಬೆಂಗಳೂರಿನ ಒಬ್ಬ ಎಂಜಿನಿಯರ್ ತಿದ್ದಿದರೆ ಅಪಚಾರ ಎನ್ನುತ್ತೇವೆ. ಇದು ನ್ಯಾಯವಲ್ಲ.

ನಂಬಿಕೆ: ಕೊಡ, ಬುರುಡೆ ಹೋದರೆ ವೀಣೆಯ ಜೀವವೇ ಹೋಯಿತು

ಮೊದಲು ಬುರುಡೆಯ ವಿಷಯ ಮುಗಿಸೋಣ. ಎಡಗಡೆ ದಂಡಿಯ ಕೆಳಗಿರುವ ಬುರುಡೆಯ ಮುಖ್ಯ ಕೆಲಸ ವೀಣೆಯನ್ನು ತೊಡೆಯ ಮೇಲೆ ಆನಿಸಿ ನಿಲ್ಲಿಸುವುದು. ನಾದಕ್ಕೆ ಅದರ ಕೊಡುಗೆ ತೀರಾ ಕಡಿಮೆ. ಸೋರೆ ಬುರುಡೆಯ ಬದಲು ಫೈಬರಿನದು, ಕಾಗದದ ರಟ್ಟಿನದು ಹಾಕಿ ದಶಕಗಳಾದವು. ಯಾವ ಸಭೆಯೂ ಅದನ್ನು ಗುರುತಿಸಿ ಎದ್ದು ಹೋದದ್ದಿಲ್ಲ.

ಕೊಡದ ವಿಷಯ ಅಷ್ಟು ಹಗುರವಲ್ಲ. ಮರದ ಕೊಡ ನಾದವನ್ನು ದೊಡ್ಡದು ಮಾಡುತ್ತದೆ, ಅದಕ್ಕೊಂದು ಬಣ್ಣವನ್ನೂ ಕೊಡುತ್ತದೆ. ಹಳೆಯ ಒಳ್ಳೆಯ ವೀಣೆಯನ್ನು ಸಣ್ಣ ಕೋಣೆಯಲ್ಲಿ, ಮೈಕ್ ಇಲ್ಲದೆ, ಎರಡು ಮಾರು ದೂರದಲ್ಲಿ ಕೂತು ಕೇಳುವ ಸುಖಕ್ಕೆ ಬದಲಿ ಇಲ್ಲ. ಇದನ್ನು ಎಲೆಕ್ಟ್ರಾನಿಕ್ ವೀಣೆಯ ಪರ ಮಾತಾಡುವವರೂ ಒಪ್ಪಲೇಬೇಕು. ಆದರೆ ವೀಣೆಯನ್ನು ವೀಣೆಯಾಗಿಸುವ ಆ ವಿಶೇಷ ಝೇಂಕಾರ ಹುಟ್ಟುವುದು ಕೊಡದಲ್ಲಿ ಅಲ್ಲ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯಲ್ಲಿ.

ಇದನ್ನು ಶೋಧಿಸಿದವರು ಸರ್ ಸಿ. ವಿ. ರಾಮನ್. ಭಾರತೀಯ ತಂತಿವಾದ್ಯಗಳ ಬಗ್ಗೆ ಅವರು 1921ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ. ಪಿಟೀಲಿನ ಕುದುರೆಯ ಮೇಲೆ ತಂತಿ ಚೂಪಾದ ಅಂಚಿನ ಮೇಲೆ ಕೂತಿರುತ್ತದೆ. ವೀಣೆಯ ಕುದುರೆಯ ತಲೆಯ ಮೇಲೆ ಅಗಲವಾದ ಲೋಹದ ತಗಡು ಇದೆ, ಅದಕ್ಕೆ ಸೂಕ್ಷ್ಮವಾದ ಬಾಗು ಇದೆ. ತಂತಿ ಕಂಪಿಸುವಾಗ ಆ ಬಾಗನ್ನು ಸವರುತ್ತ, ಬಿಡುತ್ತ ಹೋಗುತ್ತದೆ. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮದ ಪ್ರಕಾರ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು. ವೀಣೆ, ತಂಬೂರಗಳಲ್ಲಿ ಅವು ಕೇಳುತ್ತವೆ, ಜೋರಾಗಿಯೇ ಕೇಳುತ್ತವೆ. ಕಾರಣ ಆ ಬಾಗಿದ ಕುದುರೆ ಎಂದು ರಾಮನ್ ತೋರಿಸಿಕೊಟ್ಟರು.

ಹಾಗಾಗಿ ಯಾವುದೇ ಹೊಸ ವೀಣೆಯನ್ನು ಅಳೆಯಬೇಕಾದ ಪ್ರಶ್ನೆ ಒಂದೇ: ಅದರ ಕುದುರೆ ಹೇಗಿದೆ? ಕುದುರೆಯ ಬಾಗನ್ನು ಉಳಿಸಿಕೊಂಡು ಕೊಡವನ್ನು ಬಿಟ್ಟ ವಾದ್ಯ ವೀಣೆಯ ಕುಲಕ್ಕೇ ಸೇರಿದ್ದು. ದೊಡ್ಡ ಕೊಡ ಇಟ್ಟುಕೊಂಡು ಕುದುರೆಯ ತಗಡನ್ನು ಒರಟಾಗಿ ತೀಡಿದ ವಾದ್ಯ, ದಂಡಿಯ ತುದಿಯ ಯಾಳಿಯ ಮುಖಕ್ಕೆ ಎಷ್ಟೇ ಬಂಗಾರದ ಬಣ್ಣ ಬಳಿದರೂ, ಸತ್ತ ನಾದವನ್ನೇ ಕೊಡುತ್ತದೆ.

ಇನ್ನೊಂದು ಮಾತು. ಸಭಾಂಗಣದಲ್ಲಿ ಕೂತವರು ಕೇಳುವುದು ಕೊಡದ ನಾದವನ್ನೇ ಎಂಬುದೂ ಭ್ರಮೆ. ವೀಣೆಯದು ಮೆಲುದನಿ. ಕೃಷ್ಣ ಮಠದ ರಾಜಾಂಗಣದಂಥ ದೊಡ್ಡ ಜಾಗದಲ್ಲಿ ಫ್ಯಾನು ತಿರುಗುತ್ತಿರುವಾಗ, ಶೀಟಿನ ಮಾಡಿನ ಮೇಲೆ ಆಟಿಯ ಮಳೆ ಸುರಿಯುತ್ತಿರುವಾಗ ಕೊಡದ ಎದುರು ಮೈಕ್ ಇಡಲೇಬೇಕು. ಆ ಮೈಕ್ ಪಕ್ಕದ ಮೃದಂಗವನ್ನೂ ಎಳೆದುಕೊಳ್ಳುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಕೂಗುತ್ತದೆ. ವೈಣಿಕರಾದ ಈಮನಿ ಶಂಕರ ಶಾಸ್ತ್ರಿ, ಚಿಟ್ಟಿಬಾಬು ಅವರ ಕಾಲದಲ್ಲೇ ವೀಣೆಯ ಮೈಗೆ ಕಾಂಟ್ಯಾಕ್ಟ್ ಮೈಕ್ ಅಂಟಿದ್ದು ಇದೇ ಕಾರಣಕ್ಕೆ. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ ಹಿನ್ನೆಲೆಯೂ ಬೇರೆ ಅಲ್ಲ. ದೊಡ್ಡ ವಾದ್ಯವೃಂದದ ಕಹಳೆಗಳ ನಡುವೆ ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ, ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿದರು.

ನಂಬಿಕೆ: ಮೇಣ ಇಲ್ಲದಿದ್ದರೆ ಗಮಕ ಬಾರದು

ಮೇಳ ಕಟ್ಟುವುದನ್ನು, ಅಂದರೆ ಮೇಣದಲ್ಲಿ ಮೆಟ್ಟಿಲು ಕೂರಿಸುವುದನ್ನು, ಹತ್ತಿರದಿಂದ ನೋಡಿದವರಿಗೆ ಆ ಕೆಲಸದ ಮೇಲೆ ಭಕ್ತಿಯೇ ಹುಟ್ಟುತ್ತದೆ. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಕಾಯಿಸುತ್ತಾರೆ. ದಂಡಿಯ ಎರಡು ಅಂಚಿಗೂ ಕಪ್ಪು ಮೇಣದ ಏರಿ ಕಟ್ಟುತ್ತಾರೆ. ಹಿತ್ತಾಳೆಯ ಮೆಟ್ಟಿಲನ್ನು ಅದರೊಳಗೆ ಒತ್ತಿ, ತಂತಿ ಮೀಟಿ, ಕಿವಿಗೊಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. 24 ಸಲ ಹೀಗೆ. ಎತ್ತರವೂ ಸರಿಯಾಗಿರಬೇಕು: ಒಂದು ಮೆಟ್ಟಿಲು ಚೂರು ಎದ್ದರೂ ಅದರ ಹಿಂದಿನ ಸ್ವರ ಕಿರುಗುಟ್ಟುತ್ತದೆ.

ಆ ಮೇಣ ನಮ್ಮ ಕರಾವಳಿಗೆ ಹೇಳಿದ್ದಲ್ಲ ಎಂಬುದೇ ಕಷ್ಟ. ಏಪ್ರಿಲ್–ಮೇ ತಿಂಗಳ ಸೆಕೆಗೆ ಅದು ಮೆದುವಾಗುತ್ತದೆ. ಗಟ್ಟಿಯಾಗಿ ಒತ್ತಿ ನುಡಿಸುವವರ ಕೈಯಡಿ ಮೆಟ್ಟಿಲು ನಿಧಾನವಾಗಿ ವಾಲುತ್ತದೆ. ಕಾಪುವಿನ ಕಡಲತೀರದಲ್ಲಿ ಮದುವೆಗೆ ಹೋದವರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆ ಬಿಟ್ಟರೆ ಸಂಜೆಗೆ ಅದು ಕಛೇರಿಗೆ ಆಗುವುದಿಲ್ಲ. ಮುಂದೆ ಮಳೆಗಾಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಮರ ನೀರು ಕುಡಿದು ಉಬ್ಬುತ್ತದೆ, ಬಿರಡೆ ಬಿಗಿದು ತಿರುಗುವುದೇ ಇಲ್ಲ. ಕಡಲ ಗಾಳಿಯ ಉಪ್ಪಿಗೆ ಮುಖ್ಯ ತಂತಿಯಾದ ಸಾರಣಿ ತುಕ್ಕು ಹಿಡಿದು ಬೆರಳು ಕೊಯ್ಯುತ್ತದೆ. ಮೇಳ ಕಟ್ಟಲು ಬಲ್ಲವರು ನಮ್ಮಲ್ಲಿ ಬೀದಿಗೊಬ್ಬರಿಲ್ಲ. ವಾದ್ಯವನ್ನು ದೂರದ ಊರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುವ ಮಕ್ಕಳು ಆ ನಡುವೆ ಪಾಠವನ್ನೇ ಬಿಟ್ಟುಬಿಡುತ್ತಾರೆ. ವೀಣೆ ಕಲಿಸುವ ಯಾರನ್ನು ಕೇಳಿದರೂ ಈ ಸಂಕಟ ಹೇಳುತ್ತಾರೆ.

ಇನ್ನು ಗಮಕ. ವೀಣೆಯಲ್ಲಿ ಗಮಕ ಬರುವುದು ಎಡಗೈಯ ಎರಡು ಬೆರಳು ತಂತಿಯನ್ನು ಮೆಟ್ಟಿಲ ಉದ್ದಕ್ಕೆ ಪಕ್ಕಕ್ಕೆ ಎಳೆಯುವುದರಿಂದ, ಮತ್ತು ಮೆಟ್ಟಿಲಿಂದ ಮೆಟ್ಟಿಲಿಗೆ ಜಾರುವುದರಿಂದ. ಅದಕ್ಕೆ ಬೇಕಾದದ್ದು ಎತ್ತರದ, ನುಣುಪಾದ ಮೆಟ್ಟಿಲು, ಬೆರಳು ಕೆಳಗಿನ ಮರಕ್ಕೆ ತಾಗದಷ್ಟು ಜಾಗ. ಮೆಟ್ಟಿಲನ್ನು ಹಿಡಿದಿರುವುದು ಮೇಣವೋ ತಿರುಪೋ ಎಂಬುದು ತಂತಿಗೆ ಗೊತ್ತಾಗುವುದಿಲ್ಲ. ಮೇಣದ ಮೆಟ್ಟಿಲೂ ಒಮ್ಮೆ ಕೂತ ಮೇಲೆ ಸ್ಥಿರವೇ. ತೋಡಿ ರಾಗದ ಗಾಂಧಾರದ ಸೂಕ್ಷ್ಮ ಬೆರಳಲ್ಲಿದೆ.

ಮೇಣಕ್ಕೆ ಒಂದು ನಿಜವಾದ ಅನುಕೂಲ ಇದೆ. ತಂತಿ ಹಳತಾಗಿ ಶ್ರುತಿ ವ್ಯತ್ಯಾಸ ಬಂದಾಗ ಮೆಟ್ಟಿಲನ್ನು ಸ್ವಲ್ಪ ಸರಿಸಿಕೊಳ್ಳಬಹುದು. ಪೂರ್ತಿ ಬಿಗಿದ ಮೆಟ್ಟಿಲಲ್ಲಿ ಅದು ಸಾಧ್ಯವಿಲ್ಲ, ಹಾಗಾಗಿ ತಂತಿಯನ್ನೇ ಬೇಗ ಬದಲಿಸಬೇಕು. ನಮ್ಮ ಹವೆಯಲ್ಲಿ ಹೇಗೂ ಬದಲಿಸಬೇಕಾದ್ದೇ.

ನಂಬಿಕೆ: ಕರೆಂಟಿನ ವಾದ್ಯಕ್ಕೆ ಶಾಸ್ತ್ರೀಯ ಸಂಗೀತ ಒಗ್ಗದು

ಯು. ಶ್ರೀನಿವಾಸ್ ನುಡಿಸಿದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್. ಜೋಡಿ ತಂತಿಗಳನ್ನು ತೆಗೆದು ಒಂಟಿ ತಂತಿ ಹಾಕಿಕೊಂಡದ್ದರಿಂದಲೇ ಗಮಕಕ್ಕೆ ದಾರಿಯಾಯಿತು. ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೃತಿಗಳನ್ನು ನುಡಿಸುತ್ತಾರೆ. ನಮ್ಮವರೇ ಆದ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನನ್ನು ಕಛೇರಿಗೆ ತಂದು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಇಂದು ಉಡುಪಿ, ಕಾರ್ಕಳದ ದೇವಸ್ಥಾನಗಳಲ್ಲಿ ಉತ್ಸವಕ್ಕೆ ಸ್ಯಾಕ್ಸೊಫೋನ್ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆಕಾಶವಾಣಿ ಹಾರ್ಮೋನಿಯಮ್ಮನ್ನು 1940ರಲ್ಲಿ ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ಮೂವತ್ತು ವರ್ಷಗಳ ಆ ನಿಷೇಧದಿಂದ ಸಂಗೀತಕ್ಕೆ ಏನು ಲಾಭವಾಯಿತು ಎಂದು ಯಾರಾದರೂ ಹೇಳಲಿ.

ನಂಬಿಕೆ: ಹೊಸದು ಬಂದರೆ ಹಳೆಯ ವೀಣೆ ಉಳಿಯದು

ಇದು ನನ್ನನ್ನೂ ಕಾಡುವ ಆತಂಕ. ಬೆಂಗಳೂರಿನ ಹತ್ತಿರದ ಸಿಂಪಾಡಿಪುರದಂಥ ಊರಲ್ಲಿ ವೀಣೆ ಮಾಡಿಯೇ ಬದುಕಿದ ಕುಟುಂಬಗಳಿವೆ. ಅವರ ಕೈಕೆಲಸ ನಿಂತರೆ ಆ ನಷ್ಟವನ್ನು ಯಾವ ಕಾರ್ಖಾನೆಯೂ ತುಂಬಲಾರದು.

ಆದರೆ ವಾದ್ಯಗಳ ಚರಿತ್ರೆ ಬೇರೆ ದಾರಿಯನ್ನೂ ತೋರಿಸುತ್ತದೆ. ಅಮೆರಿಕದ ಗಿಬ್ಸನ್ ಕಂಪನಿ ಲೆಸ್ ಪಾಲ್ ಎಂಬ ಹೆಸರಾಂತ ಗಿಟಾರನ್ನು 1952ರಲ್ಲಿ ತಂದಿತು. ದಪ್ಪ ಮೈ, ಭಾರ, ಮಾರಾಟ ಕುಸಿತ. 1961ರಲ್ಲಿ ಅದನ್ನು ಪೂರ್ತಿ ಬದಲಿಸಿ, ತೆಳು ಮೈ, ಎರಡು ಕೊಂಬಿನ ಹೊಸ ರೂಪ ಕೊಟ್ಟಿತು. ಯಾರ ಹೆಸರು ಅದರ ಮೇಲಿತ್ತೋ ಆ ಲೆಸ್ ಪಾಲ್‌ಗೇ ಅದು ಹಿಡಿಸಲಿಲ್ಲ. 1963ರ ಹೊತ್ತಿಗೆ ಅವರ ಹೆಸರು ಹೋಗಿ ಅದು ಎಸ್‌ಜಿ ಆಯಿತು. 1968ರಲ್ಲಿ ಹಳೆಯ ರೂಪವನ್ನು ಕಂಪನಿ ಮತ್ತೆ ತಂದಿತು. ಹೊಸದನ್ನು ನಿಲ್ಲಿಸಲಿಲ್ಲ. ರಾಕ್ ಗಿಟಾರ್ ವಾದಕರಾದ ಟೋನಿ ಅಯೋಮಿ, ಆಂಗಸ್ ಯಂಗ್ ಕೈಯಲ್ಲಿ ಎಸ್‌ಜಿಗೆ ತನ್ನದೇ ದನಿ ಬಂತು. ಮಣಿಪಾಲದ ಹಾಸ್ಟೆಲ್ ಕೋಣೆಗಳಲ್ಲಿ ಗಿಟಾರ್ ನುಡಿಸುವ ಹುಡುಗರನ್ನು ಕೇಳಿದರೆ ಎರಡೂ ಹೆಸರನ್ನು ಸಮಾನ ಪ್ರೀತಿಯಿಂದ ಹೇಳುತ್ತಾರೆ.

ವೀಣೆಗೆ ನಿಜವಾದ ಅಪಾಯ ಕಲಿಯುವವರು ಕಡಿಮೆಯಾಗುವುದು. ಕಾರ್ಕಳದಿಂದ ಹಿರಿಯಡ್ಕ ದಾರಿಯಾಗಿ ಉಡುಪಿಗೆ ಪಾಠಕ್ಕೆ ಬರುವ ಹುಡುಗಿ ನಾಲ್ಕು ಅಡಿಯ ವೀಣೆಯನ್ನು ಸರ್ವಿಸ್ ಬಸ್ಸಿನಲ್ಲಿ ಹೊತ್ತು ತರಲಾರಳು. ಬಿಚ್ಚಿ ಚೀಲಕ್ಕೆ ಹಾಕಬಹುದಾದ ವಾದ್ಯವನ್ನು ತರಬಲ್ಲಳು. ಫ್ಲಾಟಿನಲ್ಲಿ ಮನೆಯವರ ನಿದ್ದೆ ಕೆಡಿಸದೆ ಇಯರ್‌ಫೋನ್ ಹಾಕಿ ಬೆಳಗಿನ ಜಾವ ಸಾಧನೆ ಮಾಡಬಲ್ಲಳು. ಕೈ ಕೂತ ಮೇಲೆ ಮರದ ವೀಣೆ ಬೇಕು ಎಂದು ಅವಳಿಗೇ ಅನಿಸುತ್ತದೆ, ಆಗ ಸಿಂಪಾಡಿಪುರಕ್ಕೆ ಗಿರಾಕಿ ಹುಟ್ಟುತ್ತಾರೆ.

ಕೊಳ್ಳುವವರು ಅಂಗಡಿಯಲ್ಲಿ ಬಟನ್ನುಗಳನ್ನು ಎಣಿಸಬೇಡಿ. ಮೊದಲು ಸ್ಪೀಕರ್ ಆರಿಸಿ ಬರಿ ತಂತಿ ಮೀಟಿ, ಕುದುರೆಯ ಮೇಲೆ ಝೇಂಕಾರ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಸಾರಣಿಯನ್ನು ಒಂದೇ ಮೆಟ್ಟಿಲ ಮೇಲೆ ಎರಡು ಮೂರು ಸ್ವರದಷ್ಟು ಎಳೆದು ನೋಡಿ, ತಂತಿ ಅಂಚಿನಿಂದ ಜಾರಬಾರದು. ಅಯಸ್ಕಾಂತದ ಪಿಕಪ್ ಇದ್ದರೆ ಮಂದ್ರ, ಅನುಮಂದ್ರ ತಂತಿಗಳ ತಿರುಳು ಉಕ್ಕಿನದೇ ಎಂದು ಖಚಿತ ಮಾಡಿಕೊಳ್ಳಿ. ಬರಿ ಹಿತ್ತಾಳೆಯ ತಂತಿಯ ದನಿ ಅದಕ್ಕೆ ಕೇಳುವುದಿಲ್ಲ.