ಓಕ್ ಇಲ್ಲದ ಸೀಮೆಯಲ್ಲಿ ಒಣಕಾಡಿನ ಚಿಂತೆ

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ಕ್ಯಾಥೊಲಿಕರಾದ ನಮಗೆ 1784ರ ಸೆರೆವಾಸದ ನೆನಪಾಗುತ್ತದೆ. ನಮ್ಮ ಹಿರಿಯರು ಘಟ್ಟ ಹತ್ತಿ ನಡೆದು ಸೇರಿದ ಆ ಸೀಮೆಯ ಬೆಟ್ಟಗುಡ್ಡಗಳ ಮೇಲೆ ಏನು ಬೆಳೆಯುತ್ತಿತ್ತು, ಈಗ ಏನು ಉಳಿದಿದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿದವರಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳ ಒಣಕಾಡುಗಳ ಬಗ್ಗೆ ಇಲ್ಲಿ ಸ್ವಲ್ಪ ತಿಳಿದುಕೊಳ್ಳೋಣ.

ಅಬ್ರಹಾಮನು ಮಮ್ರೆಯ ಓಕ್ ಮರಗಳ ಬಳಿ ಗುಡಾರ ಹಾಕಿದ್ದನೆಂದು ಆದಿಕಾಂಡದಲ್ಲಿ ಓದುತ್ತೇವೆ. ಆ ಜಾತಿಯ ಮರ ನಮ್ಮ ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವುದಿಲ್ಲ. ಹಿಮಾಲಯದಲ್ಲಿ ಇದೆ. ಅಲ್ಲಿನ 'ಬಾಂಜ್' ಎಂಬ ಓಕ್ ಮರದ ಕೊಂಬೆಗಳನ್ನು ಮೇವಿಗೆ, ಸೌದೆಗೆ ವರ್ಷವರ್ಷವೂ ಕಡಿಯುತ್ತಾರೆ. ಕೊಂಬೆ ಕಳೆದುಕೊಂಡ ಮರ ಕಾಯಿ ಬಿಡುವುದು ಕಡಿಮೆ. ಬಿಟ್ಟ ಕಾಯಿಯನ್ನು ಹುಳು, ಮುಸುವ ತಿನ್ನುತ್ತವೆ, ಉಳಿದದ್ದು ಒಣಗಿದರೆ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಮೊಳೆತ ಸಸಿಯನ್ನು ದನ ಮೇಯುತ್ತದೆ. ಹೀಗಾಗಿ ಮುದಿಮರಗಳು ನಿಂತೇ ಇರುತ್ತವೆ, ಕೆಳಗೆ ಮಕ್ಕಳಿಲ್ಲ. ಮಂಡ್ಯ ಜಿಲ್ಲೆಯ ಕಾಡುಗಳಿಗೂ ಇದೇ ಕಷ್ಟ ಬಂದಿದೆ, ಮರಗಳ ಹೆಸರು ಮಾತ್ರ ಬೇರೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ ಅಲ್ಲಿ ಸುಮಾರು 700 ಮಾತ್ರ. ಆದ್ದರಿಂದ ಅಲ್ಲಿಯ ಕಾಡು ನಮ್ಮ ಕಣ್ಣಿಗೆ ಕಾಡಿನಂತೆ ಕಾಣುವುದೇ ಇಲ್ಲ. ದಿಂಡಿಗ, ಚುಜ್ಜಲು, ಕಗ್ಗಲಿ, ಹಾಲೆ, ಶ್ರೀಗಂಧ ಎಲ್ಲವೂ ಬೇಸಿಗೆಯಲ್ಲಿ ಬೋಳಾಗಿ ಅಥವಾ ಕುರುಚಲಾಗಿ ನಿಂತಿರುತ್ತವೆ. ಆದರೆ ಒಂದೊಂದಕ್ಕೂ ಮನೆಬಳಕೆಯ ಸಂಬಂಧವಿದೆ. ದಿಂಡಿಗದಿಂದ ಎತ್ತಿನ ಗಾಡಿಯ ಅಚ್ಚು ಮಾಡುತ್ತಿದ್ದರು, ಅದರ ಗೋಂದನ್ನೂ ತೆಗೆಯುತ್ತಾರೆ. ಚುಜ್ಜಲಿನ ಎಲೆಯ ಪುಡಿ ತಲೆಸ್ನಾನಕ್ಕೆ. ಕಗ್ಗಲಿಯ ಜಾತಿಯ ಮರದಿಂದಲೇ ಎಲೆಯಡಿಕೆಯ ಕಾಚು. ಚನ್ನಪಟ್ಟಣದ ಗೊಂಬೆಗೆ ಹಾಲೆಮರ.

ಈ ಮರಗಳು ಮರಳಿ ಹುಟ್ಟುವ ಬಗೆ ತಿಳಿಯುವುದು ಮುಖ್ಯ. ದಿಂಡಿಗ ಬೀಜವನ್ನು ಹೇರಳವಾಗಿ ಬಿಡುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಜಳ್ಳು. ಗಟ್ಟಿಯಾದ ಕೆಲವು ಬೀಜ ಮುಂಗಾರಿನ ಮೊದಲ ಮಳೆಗೆ ಮೊಳೆತರೂ ಮಧ್ಯದಲ್ಲಿ ಮಳೆ ಕೈಕೊಟ್ಟರೆ ಒಣಗುತ್ತವೆ. ಹಾಗಿದ್ದೂ ಕಾಡು ಇಷ್ಟು ಕಾಲ ಉಳಿದದ್ದು ಬೊಡ್ಡೆಯ ದಯೆಯಿಂದ. ಕಡಿದಲ್ಲಿಂದ ನಾಲ್ಕೈದು ಚಿಗುರು ಒಡೆದು ಮತ್ತೆ ಮರವಾಗುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟು ಕಡಿದರೆ ಇದು ನಡೆಯುತ್ತದೆ. ಪ್ರತಿ ವರ್ಷ ಕಡಿದು, ಚಿಗುರನ್ನು ಆಡು ಮೇಯ್ದು, ಹೊಸ ಹುಲ್ಲು ಬರಲೆಂದು ಬೇಸಿಗೆಯಲ್ಲಿ ಬೆಂಕಿ ಇಟ್ಟರೆ ಬೊಡ್ಡೆಯೂ ಒಂದು ದಿನ ಸೋಲುತ್ತದೆ. ಆಗ ಉಳಿಯುವುದು ಆಡು ಬಾಯಿ ಹಾಕದ ಬಂದರಿಕೆ, ತಂಗಡಿ. ಬೆಟ್ಟದ ತುಂಬ ಬಂದರಿಕೆ ಕಂಡರೆ ಕಾಡು ಬಹಳ ಕಾಲ ನೋವುಂಡಿದೆ ಎಂದೇ ತಿಳಿಯಬೇಕು. ಜತೆಗೆ ಅಮೆರಿಕ ಖಂಡದಿಂದ ಬಂದ ಲಂಟಾನ. ಇದರ ಪೊದೆಯ ಕೆಳಗೆ ಬೇರೆ ಸಸಿಗೆ ಬೆಳಕಿಲ್ಲ, ಒಣಗಿದಾಗ ಬೆಂಕಿಗೆ ಅದೇ ಸೌದೆ.

ಶ್ರೀಗಂಧದ ವಿಷಯ ಇನ್ನೂ ಸೂಕ್ಷ್ಮ. ಅದು ತನ್ನ ಬೇರನ್ನು ಪಕ್ಕದ ಗಿಡಗಳ ಬೇರಿಗೆ ಅಂಟಿಸಿ ಆಹಾರ ಪಡೆಯುವ ಮರ. ಹಣ್ಣು ತಿಂದ ಹಕ್ಕಿ ಪೊದೆಯಲ್ಲಿ ಕುಳಿತು ಹಿಕ್ಕೆ ಹಾಕಿದಲ್ಲಿ ಸಸಿ ಹುಟ್ಟುತ್ತದೆ. ಮುಳ್ಳುಪೊದೆಯೇ ಅದಕ್ಕೆ ಬೇಲಿ, ನೆರೆಗಿಡವೇ ಅದಕ್ಕೆ ತಾಯಿ. ಸುತ್ತಲಿನ ಕುರುಚಲನ್ನು ಸವರಿ ಗಂಧವನ್ನು ಮಾತ್ರ ಉಳಿಸುತ್ತೇವೆಂದರೆ ಆಗದು. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಅಂದಿನಿಂದ 2001ರ ಕಾನೂನು ತಿದ್ದುಪಡಿಯವರೆಗೆ ರೈತನ ಹೊಲದ ಗಂಧವೂ ಅವನದಾಗಿರಲಿಲ್ಲ. ತನ್ನದಲ್ಲದ ಮರ, ಮೇಲೆ ಕಳ್ಳರ ಭಯ. ಸಸಿ ಕಂಡರೆ ಕಿತ್ತೆಸೆದವರನ್ನು ದೂರುವುದು ಹೇಗೆ? ರೋಗವೂ ಸೇರಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗಕ್ಕೆ ಇಂದಿಗೂ ತೃಪ್ತಿಕರ ಮದ್ದಿಲ್ಲ.

ಯುದ್ಧಗಳೂ ಮರಗಳನ್ನು ಬಿಡಲಿಲ್ಲ. 1792ರ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದ ಲಾಲ್‌ಬಾಗ್ ತೋಟದ ಸೈಪ್ರಸ್ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿತು. ಆದರೆ ತೋಟದ ಮರ ಮತ್ತೆ ನೆಡಬಹುದು. ಬೆಟ್ಟದ ಮಾತು ಹಾಗಲ್ಲ.

ಈಗ ಉಳಿದಿರುವುದರಲ್ಲಿ ದೊಡ್ಡದು ಮೇಲುಕೋಟೆ ವನ್ಯಧಾಮ. 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್, ಕಾಪಾಡಬೇಕಾಗಿದ್ದ ಮುಖ್ಯ ಪ್ರಾಣಿ ತೋಳ. ನಾಗಮಂಗಲದ ಆದಿಚುಂಚನಗಿರಿಯ ನವಿಲುಧಾಮ 1981ರದು, ಒಂದು ಚದರ ಕಿಲೋಮೀಟರೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಹುಲ್ಲು ಮತ್ತು ಕುರುಚಲು ಬೆರೆತ ಬಯಲು. ಬಯಲು ಕಂಡಲ್ಲೆಲ್ಲ ನೀಲಗಿರಿ, ಅಕೇಶಿಯ ನೆಟ್ಟು ಹಸಿರು ಮಾಡಿದೆವೆಂದರೆ ಕಾಡು ಬೆಳೆದಂತಲ್ಲ. ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿದ್ದು ಅಂತರ್ಜಲದ ಚಿಂತೆಯಿಂದ.

ಕಲ್ಲುಗಣಿಯದು ಬೇರೆಯೇ ಕಥೆ. ಬೆಂಕಿ ಬಿದ್ದ ಬೆಟ್ಟ ಚಿಗುರೀತು, ಸಿಡಿಮದ್ದಿಗೆ ಸಿಕ್ಕ ಬೆಟ್ಟಕ್ಕೆ ಬೇರೇ ಇಲ್ಲ. ಪಾಂಡವಪುರದ ಬೇಬಿ ಬೆಟ್ಟದ ಗಣಿಗಾರಿಕೆ ಬಹುಕಾಲ ವಿವಾದದಲ್ಲಿತ್ತು. 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್ ಕನ್ನಂಬಾಡಿ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಅಲ್ಲಿ ಮುಂದಿದ್ದ ಪ್ರಶ್ನೆ ಅಣೆಕಟ್ಟೆಯ ಸುರಕ್ಷೆಯದು, ಗಿಡಮರಗಳದಲ್ಲ.

1950ರಲ್ಲಿ ಕೆ.ಎಂ. ಮುನ್ಶಿ ಆರಂಭಿಸಿದ ವನಮಹೋತ್ಸವವನ್ನು ನಮ್ಮ ಚರ್ಚುಗಳಲ್ಲೂ ಜುಲೈ ತಿಂಗಳಲ್ಲಿ ಆಚರಿಸುತ್ತೇವೆ. ಕರಾವಳಿಗೆ ಅದು ಸರಿಯಾದ ಕಾಲ. ಮಂಡ್ಯದ ಕಡೆ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಘಟ್ಟದ ಮೇಲಿನ ಧರ್ಮಕೇಂದ್ರಗಳಲ್ಲಿ ದುಡಿಯುವವರು ತಮ್ಮೂರಿನ ಮಳೆ ನೋಡಿ ದಿನ ಗೊತ್ತುಮಾಡುವುದು ಒಳಿತು. ಅದಕ್ಕೂ ಮೊದಲು, ಶಾಲೆಯ ಹಿಂದೆಯೋ ಸ್ಮಶಾನದ ಅಂಚಿನಲ್ಲೋ ಹಳೆಯ ಬೊಡ್ಡೆಗಳಿದ್ದರೆ ಗುಂಡಿ ತೋಡುವ ಮುನ್ನ ಅವುಗಳನ್ನು ನೋಡಿ. ಸುತ್ತ ಮುಳ್ಳುಬೇಲಿ ಹಾಕಿ, ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ಸವರಿ, ಮೂರು ನಾಲ್ಕು ವರ್ಷ ಆಡು, ಬೆಂಕಿ ತಾಗದಂತೆ ಕಾದರೆ ಸಾಕು. ಅದರ ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ, ಟ್ಯಾಂಕರ್ ನೀರು ಬೇಕಾಗುವುದಿಲ್ಲ.