ಧಾರವಾಡದ ಹೆಸರು ಹೊತ್ತ ಕಣಜ

ಬನಶಂಕರಿಯನ್ನು ದಾಟಿ, ಕನಕಪುರ ರಸ್ತೆಯ ದಿಕ್ಕಿನಲ್ಲಿ ತುರಹಳ್ಳಿಯ ಕಾಡಿಗೆ ಬೆಳಗಿನ ವಾಯುಸೇವನೆಗೆಂದು ಹೋಗುವ ಜಯನಗರ, ಜೆ.ಪಿ. ನಗರಗಳ ನಿವಾಸಿಗಳಿಗೆ ನೀಲಗಿರಿಯ ಮರ ಚಿರಪರಿಚಿತವಾದರೂ, ಅದರ ಎಳೆಯ ಚಿಗುರನ್ನು ಬಗ್ಗಿಸಿ, ಎಲೆಯ ತೊಟ್ಟಿನ ಮೇಲೂ ನಡುನರದ ಉದ್ದಕ್ಕೂ ಒತ್ತೊತ್ತಾಗಿ ಏಳುವ ಗಂಟುಗಳನ್ನು ಕಣ್ಣಿಟ್ಟು ನೋಡಿದವರು ವಿರಳ. ಎಳೆಯದಿದ್ದಾಗ ಹಸುರಾಗಿಯೂ ಬಲಿತಂತೆ ನಸುಗೆಂಪಾಗಿಯೂ ತೋರುವ ಇಂಥ ಗಂಟೊಂದನ್ನು ಹರಿತವಾದ ಬ್ಲೇಡಿನಿಂದ ಸೀಳಿ ಮಸೂರದ ಕೆಳಗೆ ಹಿಡಿದರೆ, ಒಳಗಿನ ಪುಟ್ಟ ಕೋಣೆಯಲ್ಲಿ ಕಾಲುಗಳಿಲ್ಲದ, ಬೆಳ್ಳಗಿನ, ಮುದುಡಿ ಮಲಗಿದ ಮರಿಹುಳುವೊಂದು ಕಾಣಸಿಗುತ್ತದೆ. ರಾಗಿಯ ಕಾಳಿಗಿಂತ ದೊಡ್ಡದಲ್ಲದ ಕಣಜವೊಂದು ಚಿಗುರಿನ ಅಂಗಾಂಶದೊಳಗೆ ಮೊಟ್ಟೆಯನ್ನಿರಿಸಿ, ತನ್ನ ಸಂತಾನಕ್ಕೆ ಮನೆಯನ್ನೂ ಅನ್ನವನ್ನೂ ಮರವೇ ಒದಗಿಸುವಂತೆ ಮಾಡಿಕೊಂಡಿರುವ ವ್ಯವಸ್ಥೆಯಿದು.

ಈ ಗಂಟುಗಾರ ಕಣಜದ ಚರಿತ್ರೆ ವಿಸ್ಮಯಕರವಾದುದು. ಈ ಶತಮಾನದ ಮೊದಲ ವರ್ಷಗಳಲ್ಲಿ ಮಂಡ್ಯ ಜಿಲ್ಲೆಯ ನೆಡುತೋಪುಗಳಲ್ಲಿ ನೀಲಗಿರಿಯ ಸಸಿಗಳು ಗಂಟುಗಟ್ಟಿ ಕುಗ್ಗತೊಡಗಿದಾಗ, ಅದಕ್ಕೆ ಕಾರಣವಾದ ಕೀಟಕ್ಕೆ ವಿಜ್ಞಾನದಲ್ಲಿ ಇನ್ನೂ ಹೆಸರೇ ಇರಲಿಲ್ಲ. ಮೆಡಿಟರೇನಿಯನ್ ತೀರದ ದೇಶಗಳಲ್ಲಿ ೨೦೦೦ದ ಸುಮಾರಿಗೆ ಅದೇ ಉಪದ್ರವ ತಲೆದೋರಿತ್ತು. ಆದರೆ ೨೦೦೪ರಲ್ಲಿ ಮಾತ್ರ, ಆ ಜೀವಿ ಹೊಸ ಪ್ರಭೇದವಷ್ಟೇ ಅಲ್ಲದೆ ಹೊಸ ಕುಲವೆಂದೇ ನಿರ್ಣಯವಾಗಿ, ಲೆಪ್ಟೊಸೈಬೆ ಇನ್ವೇಸ ಎಂಬ ನಾಮಧೇಯವನ್ನು ಪಡೆಯಿತು. ನೀಲಗಿರಿಯಂತೆಯೇ ಅದರ ತವರೂ ಆಸ್ಟ್ರೇಲಿಯ. ತವರಿನಲ್ಲಿಯೇ ಅದು ಅಷ್ಟು ಕಾಲ ಯಾರ ಲಕ್ಷ್ಯಕ್ಕೂ ಬೀಳದೆ ಉಳಿದುದಕ್ಕೆ, ಸಹಜ ಶತ್ರುಗಳ ಕಾವಲಿನಲ್ಲಿ ವಿರಳವಾಗಿ ಬಾಳುತ್ತಿದ್ದುದೇ ಕಾರಣವಿರಬೇಕು. ಇದರ ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಹೆಣ್ಣುಸಂತತಿಯನ್ನು ಪಡೆಯಬಲ್ಲವಾದುದರಿಂದ, ಕಾವಲಿಲ್ಲದ ಪರದೇಶದಲ್ಲಿ ವಂಶ ಬೆಳೆಯಲು ಒಂದೇ ತಾಯಿ ಸಾಕು.

ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಈ ಗಂಟುಗಳನ್ನು ತಂದು ಪಾಲಿಸಿ ನೋಡಿದಾಗ, ಅವುಗಳಿಂದ ಲೆಪ್ಟೊಸೈಬೆಯ ಜೊತೆಗೆ ಬೇರೊಂದು ಜಾತಿಯ ಕಣಜವೂ ಹೊರಬಂದಿತು. ರೆಕ್ಕೆಯ ಅಂಚಿನಲ್ಲಿ ಉಬ್ಬಿದ ಕಪ್ಪು ಬೊಟ್ಟನ್ನೂ, ಹೆಣ್ಣಿನಲ್ಲಿ ದೇಹದಾಚೆಗೆ ಚಾಚಿದ ನೀಳವಾದ ಮೊಟ್ಟೆನಾಳವನ್ನೂ ಉಳ್ಳ ಮೆಗಾಸ್ಟಿಗ್ಮಸ್ ಕುಲಕ್ಕೆ ಸೇರಿದ ಅದನ್ನು, ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ಕಿರುಕಣಜಗಳ ಅಧ್ಯಯನಕ್ಕೆ ಜೀವಮಾನವನ್ನೇ ಮುಡಿಪಾಗಿಟ್ಟಿದ್ದ ಟಿ.ಸಿ. ನರೇಂದ್ರನ್ ಅವರೂ ಧಾರವಾಡದ ವಸ್ತ್ರದ ಅವರೂ ೨೦೧೦ರಲ್ಲಿ ಮೆಗಾಸ್ಟಿಗ್ಮಸ್ ಧಾರವಾಡಿಕಸ್ ಎಂದು ಹೆಸರಿಸಿದರು.

ಗಂಟಿನಿಂದ ಹೊರಬಂದುದೆಲ್ಲ ಗಂಟು ಕಟ್ಟಿದ್ದೇ ಆಗಿರಬೇಕಿಲ್ಲ. ಗಂಟುಗಾರನ ಶತ್ರುವೇ ಆಗಿರಬೇಕೆಂದೂ ಇಲ್ಲ. ಅನ್ಯರು ಕಟ್ಟಿದ ಮನೆಯಲ್ಲಿ ಸಸ್ಯರಸವನ್ನೇ ಉಂಡು ಹೋಗುವ ಅತಿಥಿಗಳೂ ಉಂಟು. ಮೆಗಾಸ್ಟಿಗ್ಮಸ್ ಕುಲದಲ್ಲಂತೂ ಈ ಸಂಶಯ ಇನ್ನೂ ಸಹಜವಾದುದು. ಏಕೆಂದರೆ ಅದರ ಪ್ರಭೇದಗಳಲ್ಲಿ ಬೀಜಗಳನ್ನು ತಿಂದು ಬೆಳೆಯುವವೂ ಇವೆ, ಗಂಟಿನೊಳಗಿನ ಮರಿಯನ್ನು ತಿಂದು ಬೆಳೆಯುವವೂ ಇವೆ. ಧಾರವಾಡದ ಕಣಜ ಈ ಎರಡನೆಯ ಪಂಗಡದ್ದು. ಹೇನು, ಲಾಡಿಹುಳುಗಳಂಥ ಪರೋಪಜೀವಿಗಳು ಆಶ್ರಯದಾತನನ್ನು ಸಾಧಾರಣವಾಗಿ ಬದುಕಲು ಬಿಡುತ್ತವೆ. ಈ ಕಣಜದ ಮರಿ ತನ್ನ ಆಶ್ರಯದಾತನನ್ನು ತಿಂದು ಮುಗಿಸಿಯೇ ಪ್ರೌಢಾವಸ್ಥೆಗೆ ಬಂದು, ಬಳಿಕ ಸ್ವತಂತ್ರವಾಗಿ ಹಾರಾಡುತ್ತದೆ. ತೋಪಿನ ಒಡೆಯನಿಗೆ ಅದು ಮಿತ್ರನಾಗುವುದು ಈ ಕ್ರೌರ್ಯದಿಂದಲೇ.

ಹೊಸ ಪ್ರಭೇದವೊಂದನ್ನು ವರ್ಣಿಸುವ ಕಾರ್ಯ ನೋಡುವವರಿಗೆ ಅತ್ಯಂತ ನೀರಸವಾಗಿ ತೋರೀತು. ನನಗೆ ಅದು ವಿಜ್ಞಾನದ ಅತಿ ಶ್ರದ್ಧಾವಂತ ಕರ್ಮಗಳಲ್ಲಿ ಒಂದೆಂದು ತೋರುತ್ತದೆ. ಮದ್ಯಸಾರದಲ್ಲಿ ಕಾದಿರಿಸಿದ ಮೃದುದೇಹದ ಕೀಟವನ್ನು ಸುಕ್ಕುಗಟ್ಟದಂತೆ ಒಣಗಿಸಿ, ತ್ರಿಕೋನಾಕಾರದ ಸಣ್ಣ ಕಾಗದದ ತುದಿಗೆ ಒಂದು ಬಿಂದು ಅಂಟಿನಿಂದ ಕೂರಿಸಿ, ಆ ಕಾಗದಕ್ಕೆ ಸೂಜಿ ಚುಚ್ಚಿ, ಸಂಗ್ರಹಿಸಿದ ಊರು, ದಿನ, ಸಸ್ಯ, ಸಂಗ್ರಾಹಕರ ಹೆಸರುಗಳನ್ನು ಬರೆದ ಚೀಟಿಯನ್ನು ಅದೇ ಸೂಜಿಗೆ ಪೋಣಿಸಬೇಕು. ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಮೀಸೆಯ ಒಂದೊಂದು ಗಣ್ಣಿನ ಉದ್ದಗಲಗಳ ಪ್ರಮಾಣ, ಬೆನ್ನಿನ ಮೇಲಿನ ರೋಮಗಳ ವಿನ್ಯಾಸ, ರೆಕ್ಕೆಯ ನರದ ಭಾಗಗಳು, ಇವನ್ನೆಲ್ಲ ಅಳೆದು, ಚಿತ್ರಿಸಿ, ಆ ಕುಲದಲ್ಲಿ ಅದುವರೆಗೆ ವರ್ಣಿತವಾದ ಸಮೀಪಸಂಬಂಧಿಗಳೊಡನೆ ಹೋಲಿಸಿ, ಇದು ಅವುಗಳಲ್ಲಿ ಯಾವುದೂ ಅಲ್ಲವೆಂದು ಸಾಧಿಸಬೇಕು. ಕೊನೆಯಲ್ಲಿ ಒಂದೇ ಒಂದು ಮಾದರಿಯನ್ನು ಆ ಹೆಸರಿನ ಶಾಶ್ವತ ಸಾಕ್ಷಿಯಾಗಿ ಆರಿಸಿ ಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಮುಂದೆ ಯಾರಿಗೆ ಸಂದೇಹ ಬಂದರೂ ಆ ಸೂಜಿಯ ಬಳಿಗೇ ಬರತಕ್ಕದ್ದು.

ಇಷ್ಟೊಂದು ಪರಿಶ್ರಮ ಕೇವಲ ಒಂದು ಹೆಸರಿಗಾಗಿಯೇ ಎಂದು ಕೇಳುವವರಿಗೆ ಮರಗೆಣಸಿನ ಹಿಟ್ಟುತಿಗಣೆಯ ವೃತ್ತಾಂತವನ್ನು ಹೇಳಬೇಕು. ೧೯೭೦ರ ದಶಕದಲ್ಲಿ ಆಫ್ರಿಕದ ಕಾಂಗೋ ಸೀಮೆಯಲ್ಲಿ ಕಾಣಿಸಿಕೊಂಡು ಕೋಟ್ಯಂತರ ಜನರ ಆಹಾರಕ್ಕೆ ಸಂಚಕಾರ ತಂದ ಆ ತಿಗಣೆಗೆ ೧೯೭೭ರಲ್ಲಿ ಫೆನಕಾಕಸ್ ಮನಿಹೋಟಿ ಎಂಬ ಹೆಸರಾಯಿತು. ಮರಗೆಣಸಿನ ತವರು ದಕ್ಷಿಣ ಅಮೆರಿಕವಾದುದರಿಂದ ತಿಗಣೆಯ ಶತ್ರುಗಳೂ ಅಲ್ಲಿಯೇ ಇರಬೇಕೆಂದು ಹುಡುಕುತ್ತ ಹೋದವರಿಗೆ, ಆ ಖಂಡದ ಉತ್ತರ ಭಾಗದಲ್ಲಿ ಅದನ್ನೇ ಹೋಲುವ ತಿಗಣೆಯೊಂದು ದೊರೆಯಿತು. ಆದರೆ ಅದರ ಮೇಲೆ ಬದುಕುವ ಕಣಜಗಳು ಆಫ್ರಿಕದ ತಿಗಣೆಯ ಮೇಲೆ ಸಂತಾನ ಬೆಳೆಸಲೊಲ್ಲವು. ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಅದು ಬೇರೆಯೇ ಪ್ರಭೇದವೆಂದು ತಿಳಿದುಬಂತು. ನಿಜವಾದ ತಿಗಣೆ ೧೯೮೧ರಲ್ಲಿ ಪರಾಗ್ವೆಯಲ್ಲಿ ಸಿಕ್ಕಿತು. ಅದರೊಡನೆ ಅನಾಗೈರಸ್ ಲೋಪೆಜಿ ಎಂಬ ಕಣಜವೂ ಸಿಕ್ಕಿತು. ಅದೇ ವರ್ಷ ನೈಜೀರಿಯದಲ್ಲಿ ಬಿಡುಗಡೆಯಾದ ಆ ಕಣಜ ಮರಗೆಣಸಿನ ನಾಡುಗಳನ್ನು ಒಂದೊಂದಾಗಿ ಉಳಿಸುತ್ತ ಹೋಯಿತು. ಆ ಮಹಾಕಾರ್ಯದ ನೇತೃತ್ವ ವಹಿಸಿದ್ದ ಹ್ಯಾನ್ಸ್ ಹೆರೆನ್ ಅವರಿಗೆ ೧೯೯೫ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ನಮ್ಮ ಬೆಂಗಳೂರಿಗೂ ಈ ವಿದ್ಯೆಯ ಋಣವುಂಟು. ಪರಂಗಿ, ದಾಸವಾಳ, ಹಿಪ್ಪುನೇರಳೆಗಳನ್ನು ಬಿಳಿಯ ಹಿಟ್ಟಿನಂತೆ ಮುಚ್ಚಿ ಒಣಗಿಸುವ ಪರಂಗಿಯ ಹಿಟ್ಟುತಿಗಣೆ ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದಾಗ, ಹೆಬ್ಬಾಳದ ಕೃಷಿ ಕೀಟ ಬ್ಯೂರೋದವರು ೨೦೧೦ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಪರೀಕ್ಷಿಸಿ, ತೋಟಗಳಿಗೆ ಬಿಟ್ಟರು. ಅವುಗಳಲ್ಲಿ ಹೆಚ್ಚು ಫಲಕಾರಿಯಾದ ಅಸೆರೋಫೇಗಸ್ ಪಪಾಯೆಗೆ ಹೆಸರು ದೊರೆತದ್ದು ೨೦೦೩ರಲ್ಲಿ. ಏಳು ವರ್ಷ ಮುಂಚೆ ಯಾರೋ ಕುಳಿತು ಅದರ ಮೀಸೆಯ ಗಣ್ಣುಗಳನ್ನು ಅಳೆಯದೆ ಇದ್ದಿದ್ದರೆ, ಏನನ್ನು ಕಳುಹಿಸಿಕೊಡಿರೆಂದು ಇಲ್ಲಿಂದ ಪತ್ರ ಬರೆಯಬೇಕಾಗಿತ್ತು?

ಮರಗೆಣಸಿನ ಅದೇ ತಿಗಣೆ ೨೦೨೦ರಲ್ಲಿ ಕೇರಳದ ತ್ರಿಶೂರಿನಲ್ಲಿ ಪತ್ತೆಯಾದಾಗ, ಹೆಬ್ಬಾಳದವರು ಆಫ್ರಿಕದ ಬೆನಿನ್ ದೇಶದಿಂದ ಅನಾಗೈರಸ್ ಲೋಪೆಜಿಯನ್ನು ತರಿಸಿಕೊಂಡರು; ೨೦೨೨ರಲ್ಲಿ ಅದನ್ನು ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ಬಿಡುಗಡೆ ಮಾಡಲಾಯಿತು. ಅರ್ಜೆಂಟೀನದ ಡಿ ಸ್ಯಾಂಟಿಸ್ ಎಂಬ ವಿದ್ವಾಂಸರು ಆ ಕಣಜವನ್ನು ಮೊದಲು ವರ್ಣಿಸಿದ್ದು ೧೯೬೪ರಲ್ಲಿ, ಅದಕ್ಕೆ ಮುಂದೊಂದು ದಿನ ಉಪಯೋಗವಿದೆಯೆಂಬ ಕಲ್ಪನೆ ಯಾರಿಗೂ ಇಲ್ಲದಿದ್ದಾಗ.