ಕಾಲುಸಂಕದಿಂದ ಕಾಂಕ್ರೀಟಿನವರೆಗೆ: ಸೇತುವೆ ಹಾಸಿನ ದುರಸ್ತಿ ವಿದ್ಯೆ

ಕರಾವಳಿ ಮತ್ತು ಮಲೆನಾಡಿನ ಹಳ್ಳಗಳ ಮೇಲೆ ಅಡಕೆಮರ, ಬಿದಿರುಗಳಿಂದ ಕಟ್ಟುವ ಕಾಲುಸಂಕಕ್ಕೆ ಶಾಶ್ವತವಾಗುವ ಹಂಬಲವಿಲ್ಲ. ಮಳೆಗಾಲಕ್ಕೆ ಮುನ್ನ ಊರವರು ಅದನ್ನು ಪರೀಕ್ಷಿಸಿ, ಕುಂಬಾದ ಮರವನ್ನು ತೆಗೆದು ಹೊಸದನ್ನು ಹಾಸುತ್ತಾರೆ. ಕಾಲುಸಂಕವನ್ನು ವೈಭವೀಕರಿಸುವುದು ಸಲ್ಲದು. ಅದರಿಂದ ಜಾರಿ ಶಾಲಾಮಕ್ಕಳು ಕೊಚ್ಚಿಹೋದದ್ದೂ ಉಂಟು. ಆದರೆ ಕಾಂಕ್ರೀಟ್ ಬಂದ ಮೇಲೆ ಸೇತುವೆಯೆಂದರೆ ಒಮ್ಮೆ ಕಟ್ಟಿ ಮರೆಯುವ ವಸ್ತುವೆಂಬ ಭಾವನೆ ಬೆಳೆಯಿತು. ಋತುಮಾನದೊಡನೆ ದುರಸ್ತಿಗಿದ್ದ ನಂಟು ಕಡಿಯಿತು. ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದರ ಕಾರಣಗಳ ಚರ್ಚೆ ಬೇರೆ. ಕಾಂಕ್ರೀಟಿಗೂ ಮುಪ್ಪುಂಟೆಂಬುದನ್ನಂತೂ ಅದು ನೆನಪಿಸಿತು.

ಸೇತುವೆಯ ಹಾಸಿಗೆ, ಅಂದರೆ ವಾಹನಗಳ ಭಾರ ಹೊರುವ ಮೇಲ್ಭಾಗದ ಚಪ್ಪಡಿಗೆ, ರೋಗ ಒಳಗಿನಿಂದಲೇ ತಗಲುತ್ತದೆ. ಹೊಸ ಕಾಂಕ್ರೀಟಿನ ಕ್ಷಾರಗುಣ ತನ್ನೊಳಗಿನ ಕಬ್ಬಿಣದ ಸರಳುಗಳನ್ನು ಕಾಯುತ್ತದೆ. ಕಡಲ ಗಾಳಿಯ ಉಪ್ಪು ನೀರಿನೊಡನೆ ಬಿರುಕಿನಲ್ಲಿ ಇಳಿದಾಗ ಆ ರಕ್ಷಣೆ ಮುರಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗೊಳಗೇ ಪದರವಾಗಿ ಬಿಡುತ್ತದೆ. ಮೇಲೆ ಏನೂ ಕಾಣದು.

ಇಲ್ಲಿ ನೆರವಿಗೆ ಬರುವುದು ಕಿವಿ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ಸದ್ದು ಕೇಳುವಂತೆಯೇ, ಪರೀಕ್ಷಕರು ಹಾಸಿನ ಮೇಲೆ ಸುತ್ತಿಗೆಯಿಂದ ಬಡಿಯುತ್ತಾರೆ, ಇಲ್ಲವೇ ಸರಪಳಿ ಎಳೆಯುತ್ತಾರೆ. ಗಟ್ಟಿ ಭಾಗ ಖಣಿಲೆನ್ನುತ್ತದೆ. ಪದರ ಬಿಟ್ಟ ಭಾಗ ಟೊಳ್ಳಾಗಿ ದನಿಗುಡುತ್ತದೆ. ವಿದ್ಯುತ್ ಉಪಕರಣಗಳು ಬಂದಿದ್ದರೂ ಈ ವಿಧಾನ ಮಾನ್ಯವಾಗಿಯೇ ಉಳಿದಿದೆ. ಕಾಂಕ್ರೀಟ್ ತನ್ನ ವ್ಯಾಪ್ತಿಯದಲ್ಲವೆಂದು ಜಾನಪದ ಅಧ್ಯಯನ ಕೈಬಿಟ್ಟದ್ದು ಅಷ್ಟು ಸರಿಯಲ್ಲ.

ಟೊಳ್ಳು ಭಾಗವನ್ನು ಗುರುತಿಸಿ, ಅಂಚನ್ನು ನೇರವಾಗಿ ಕೊಯ್ದು, ಕೆಟ್ಟದ್ದನ್ನಷ್ಟೇ ತೆಗೆಯಬೇಕು. ಭಾರೀ ಯಂತ್ರಗಳ ಹೊಡೆತಕ್ಕೆ ಗಟ್ಟಿ ಕಾಂಕ್ರೀಟೂ ಸೂಕ್ಷ್ಮವಾಗಿ ಬಿರಿಯುವುದುಂಟು. ತೀವ್ರ ಒತ್ತಡದ ನೀರಿನಿಂದ ಕೊರೆದರೆ ಆ ದೋಷವಿಲ್ಲ. ಸರಳಿನ ಹಿಂಬದಿಯನ್ನೂ ಬಿಡಿಸಿ ತುಕ್ಕು ಉಜ್ಜಿ, ಕಡಿಮೆ ಕುಗ್ಗುವ ಕಾಂಕ್ರೀಟ್ ತುಂಬಿ, ಒದ್ದೆ ಗೋಣಿ ಹೊದಿಸಿ ಕನಿಷ್ಠ ಒಂದು ವಾರವಾದರೂ ನೀರುಣಿಸಬೇಕು. ಸಂಚಾರಕ್ಕೆ ಬೇಗ ತೆರವು ಮಾಡುವ ಒತ್ತಡದಲ್ಲಿ ಈ ಕೊನೆಯ ಕೆಲಸವೇ ಹೆಚ್ಚಾಗಿ ಮೊಟಕಾಗುತ್ತದೆ.

ತೇಪೆಗೂ ಒಂದು ವಿಚಿತ್ರ ದೋಷವಿದೆ. ಹೊಸ ಕಾಂಕ್ರೀಟಿನ ಸುತ್ತಲಿನ, ಉಪ್ಪುಂಡ ಹಳೆಯ ಭಾಗದಲ್ಲಿ ತುಕ್ಕು ಚುರುಕಾಗುತ್ತದೆ. ಅದಕ್ಕಾಗಿ ತೇಪೆಯ ಅಂಚಿನಲ್ಲಿ ಸರಳಿಗೆ ಸತುವಿನ ತುಂಡು ಕಟ್ಟುತ್ತಾರೆ. ಕಬ್ಬಿಣದ ಬದಲು ಸತುವು ಸವೆಯುತ್ತದೆ. ಇದಾವುದನ್ನೂ ಮಾಡದೆ ಡಾಂಬರಿನ ಮೇಲೆ ಡಾಂಬರು ಸುರಿಯುವುದು ದುರಸ್ತಿಯಲ್ಲ, ಸೇತುವೆಯ ಮೇಲೆ ಹೊರೆ ಹೇರಿದಂತೆ. ಸಿಮೆಂಟ್ ತಯಾರಿಕೆ ಜಗತ್ತಿನ ಇಂಗಾಲದ ಡೈಆಕ್ಸೈಡಿನ ಸುಮಾರು ಶೇ. 7ರಿಂದ 8ರಷ್ಟನ್ನು ಹೊರಸೂಸುವುದರಿಂದ, ಇಡೀ ಹಾಸನ್ನು ಒಡೆದು ಕಟ್ಟುವುದಕ್ಕಿಂತ ಸಕಾಲದ ತೇಪೆ ಪರಿಸರಕ್ಕೂ ಮೇಲು.

ಎಲ್ಲಕ್ಕೂ ಮೊದಲಿನ ಕೆಲಸ ಇನ್ನೂ ಸರಳ: ಹಾಸಿನ ಅಂಚಿನಲ್ಲಿ ಮಣ್ಣು, ತರಗೆಲೆ ತುಂಬಿ ಕಟ್ಟಿಕೊಂಡ ನೀರಿನ ಕೊಳವೆಗಳನ್ನು ಮಳೆಗೆ ಮುನ್ನ ಬಿಡಿಸುವುದು. ಅದಕ್ಕೆ ಒಂದು ಹಾರೆ ಸಾಕು.